ಆಯುಧಪೂಜೆಯ ದಿನ ಆಮೆ ತೂಗಿದ್ದು

ಮೊನ್ನೆ ಮೊಮ್ಮಗಳ ಮೀನಿಗೆ ಕಾಳು ತರಲೆಂದು ವಿಜಯನಗರದ ಸಾಕುಪ್ರಾಣಿ ಅಂಗಡಿಗೆ ಹೋಗಿದ್ದೆ. ಅಲ್ಲೊಬ್ಬ ಯುವಕ ತನ್ನ ಹಲ್ಲಿಗೆ ತಕ್ಕಡಿ ಆರಿಸುತ್ತಿದ್ದ. ನೀವು ಓದಿದ್ದು ಸರಿಯಾಗಿಯೇ ಇದೆ, ಹಲ್ಲಿಗೆ. ನಮ್ಮ ಗೋಡೆಯ ಮೇಲೆ ಲೊಚಗುಟ್ಟುವ ಬಡಪಾಯಿಯಲ್ಲ. ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿಸಿಕೊಂಡು ಕೂರುವ, ಹಳದಿ ಮೈಯ ಪರದೇಶದ್ದು. ಅಂಗಡಿಯವನು ಒಂದೊಂದೇ ತಕ್ಕಡಿ ಇಳಿಸಿ ಗುಣಗಾನ ಮಾಡುತ್ತಿದ್ದ. ಇದು ಒಂದೊಂದು ಗ್ರಾಂ ತೋರಿಸುತ್ತೆ. ಇದರ ಮೇಲೆ ಬಟ್ಟಲು ಕೂರುತ್ತೆ, ಪ್ರಾಣಿ ಓಡಲ್ಲ. ಇದರಲ್ಲಿ ಬಟ್ಟಲಿನ ತೂಕ ತಾನೇ ಕಳೆಯುತ್ತೆ, ಒಳಗಿರೋದು ಅಲ್ಲಾಡಿದರೂ ನಂಬರು ನಿಲ್ಲುತ್ತೆ. ಆಮೆಗಾದರೆ ಮಾತ್ರ ಇನ್ನೂ ಅಗಲದ್ದು ತಗೋಬೇಕು ಸಾರ್, ಅಂದ.

ಆಮೆ ಅಂದ ಕೂಡಲೇ ನಾನು ಬಂದ ಕೆಲಸ ಮರೆತು ನಿಂತುಬಿಟ್ಟೆ. ನಾನೂ ಒಂದು ಕಾಲದಲ್ಲಿ ಆಮೆಗೆ ತಕ್ಕಡಿ ಹುಡುಕಿದವನು. ಎಂಬತ್ತರ ದಶಕದ ಮಾತು. ರಾಜಾಜಿನಗರದ ಬೀದಿಬೀದಿಯಲ್ಲೂ ತಕ್ಕಡಿ ಇದ್ದವು. ನನಗೆ ಸಿಕ್ಕಿದ್ದು ಒಂದೂ ಇಲ್ಲ.

ತಕ್ಕಡಿಯ ಜೊತೆ ನನ್ನ ಸ್ನೇಹ ಹಳೆಯದು. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕೊನೆಗೆ ಸೌದೆ ಡಿಪೋ ಇತ್ತು. ಮೂರು ಕಂಬ ಸೇರಿಸಿ ಕಟ್ಟಿ, ನಡುವೆ ಕಬ್ಬಿಣದ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಅದರ ತಟ್ಟೆಯಲ್ಲಿ ಕೂತು ತೂಗಿಸಿಕೊಳ್ಳುವುದೇ ನಮ್ಮ ಉಯ್ಯಾಲೆ. ಡಿಪೋ ಯಜಮಾನರಿಗೆ ಮನಸ್ಸು ಚೆನ್ನಾಗಿದ್ದರೆ ಎದುರು ತಟ್ಟೆಗೆ ಸರ್ವೆ ಸೌದೆ ಹಾಕಿ, "ಇವನು ಇಷ್ಟೇನಾ, ಇಷ್ಟು ಸೌದೇಲಿ ಒಂದು ಹಂಡೆ ನೀರೂ ಕಾಯಲ್ಲ" ಅನ್ನುತ್ತಿದ್ದರು. ಅವಮಾನವಾಗುತ್ತಿತ್ತು. ಮರುದಿನ ಜೇಬಿಗೆ ಕಲ್ಲು ತುಂಬಿಕೊಂಡು ಹೋಗುತ್ತಿದ್ದೆ.

ಶಾಲೆಯನ್ನು ಬೇಗ ಬಿಟ್ಟೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾರೂ ಮರುಗುವುದೂ ಬೇಡ. ಲೇತು ಮೆಷಿನ್ನಿನ ಮುಂದೆ ನಿಂತು ಕೆಲಸ ಕಲಿತೆ. ಮದುವೆಯಾಗುವ ಹೊತ್ತಿಗೆ ಇಂಡಸ್ಟ್ರಿಯಲ್ ಟೌನಿನಲ್ಲಿ ನನ್ನದೇ ಶೆಡ್ಡು, ನನ್ನದೇ ಲೇತು. ಯಂತ್ರದ ತಿರುಗುವ ದಂಡಕ್ಕೆ ತೊಡಿಸುವ ಹಿತ್ತಾಳೆ ಬುಷ್ ಮಾಡುತ್ತಿದ್ದೆ. ಕೂದಲೆಳೆ ವ್ಯತ್ಯಾಸ ಬಂದರೂ ಮಾಲು ವಾಪಸ್ಸು ಬರುವ ಕೆಲಸ ಅದು, ನನ್ನ ಮಾಲು ವಾಪಸ್ಸು ಬರುತ್ತಿರಲಿಲ್ಲ. ಹಿತ್ತಾಳೆ ತೂಗಲು ಒಳ್ಳೆಯ ತಕ್ಕಡಿ ಇಟ್ಟಿದ್ದೆ. ಅದರ ಸಣ್ಣ ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ಬೆವರು ಹತ್ತಿದರೆ ತೂಕ ಬದಲಾಗುತ್ತದೆ ಎಂದು ಗದರುತ್ತಿದ್ದೆ. ಬದಲಾಗುತ್ತದೋ ಇಲ್ಲವೋ ದೇವರೇ ಬಲ್ಲ.

ಆಮೆ ನನ್ನದಲ್ಲ, ನನ್ನ ಹೆಂಡತಿ ಸುಶೀಲಳದು. ಅವಳ ಊರು ಹೇರೋಹಳ್ಳಿ. ಆಗ ಅದು ಇನ್ನೂ ಹಳ್ಳಿಯೇ. ಅವಳಪ್ಪ ರಾಗಿ ಹೊಲದ ಬದುವಿನಲ್ಲಿ ಸಿಕ್ಕ ನಕ್ಷತ್ರದ ಚಿಪ್ಪಿನ ಆಮೆಯನ್ನು ಮಗಳ ಕೈಗಿತ್ತಿದ್ದರಂತೆ. ಅದು ನಡೆಯುವ ಗತ್ತು ನೋಡಿ ಅವರೇ ದೊರೆ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ ಅಣ್ಣಂದಿರು ಹೊಲವನ್ನು ಸೈಟು ಮಾಡಿ ಮಾರಿದರು. ಎಲ್ಲೆಲ್ಲಿ ಹೊಲವಿತ್ತು ಎಂದು ಸುಶೀಲ ಬೆರಳು ತೋರಿಸುತ್ತಿದ್ದ ಕಡೆಯಲ್ಲೆಲ್ಲ ಕಲ್ಲು ನೆಟ್ಟಿದ್ದರು. ಅಪ್ಪನ ಕಡೆಯಿಂದ ಅವಳಿಗೆ ಉಳಿದದ್ದು ದೊರೆ ಒಬ್ಬನೇ. ಆಮೆ ಮನೆಯಲ್ಲಿದ್ದರೆ ಕೇಡು ಎನ್ನುವ ನೆಂಟರು ನಮ್ಮಲ್ಲಿ ಬಹಳ. ನಾನು ಆ ಪಕ್ಷವೂ ಅಲ್ಲ, ಈ ಪಕ್ಷವೂ ಅಲ್ಲ. ಮಂಚದ ಕೆಳಗೆ ಒಬ್ಬ ಬಾಡಿಗೆ ಕೊಡದ ಬಾಡಿಗೆದಾರ ಇದ್ದಾನೆ ಎಂದುಕೊಂಡಿದ್ದೆ.

ಆ ವರ್ಷ ದಸರೆಗೆ ಮುಂಚೆ ಮಳೆ, ಥಂಡಿ. ದೊರೆ ಮೇವು ಬಿಟ್ಟ. ದಾಸವಾಳದ ಹೂವೆಂದರೆ ಓಡಿಬರುತ್ತಿದ್ದವನು ಮೂಗಿನ ಹತ್ತಿರ ಇಟ್ಟರೂ ಕಣ್ಣು ತೆರೆಯಲಿಲ್ಲ. ಮೂಗಿನಲ್ಲಿ ಗುಳ್ಳೆ ಬರುತ್ತಿತ್ತು, ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಸುಶೀಲ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು ಕಾದಳು. ಮಹಾನವಮಿಯ ಬೆಳಿಗ್ಗೆ ಪೂಜೆ ಮುಗಿಸಿ ಬಂದವಳು ಅದನ್ನು ಎತ್ತಿ ನೋಡಿ, "ಹಗುರ ಆಗಿದಾನೆ ಕಣ್ರೀ" ಅಂದಳು. ದನಿಯಲ್ಲಿ ಅಳುವಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಬಸವೇಶ್ವರನಗರದಲ್ಲಿ ಒಬ್ಬರು ನಿವೃತ್ತ ದನದ ಡಾಕ್ಟರಿದ್ದರು. ಹೂವಿನ ಬಿದಿರು ಬುಟ್ಟಿಯಲ್ಲಿ ದೊರೆಯನ್ನಿಟ್ಟು, ತೊಟ್ಟಿಲಲ್ಲಿದ್ದ ನಮ್ಮ ಮಗುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಸೈಕಲ್ಲಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಡಾಕ್ಟರು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರು. ಚಿಪ್ಪಿನ ನಡುವೆ ಅರಿಶಿನ ಕುಂಕುಮ.

"ಇದೂ ಆಯುಧಾನಾ?"

"ಮನೇಲಿರೋ ಎಲ್ಲದಕ್ಕೂ ಇಟ್ಟೆ ಸಾರ್. ಇವನೊಬ್ಬನನ್ನ ಯಾಕೆ ಬಿಡೋದು ಅಂತ" ಅಂದಳು ಸುಶೀಲ.

ಕಾಡಿನ ಪ್ರಾಣಿಯನ್ನು ಮನೆಯಲ್ಲಿ ಸಾಕುವಂತಿಲ್ಲ, ಕಾನೂನಿದೆ ಎಂದು ಡಾಕ್ಟರು ಮೊದಲು ಗದರಿದರು. ಆಮೇಲೆ ಟಾರ್ಚು ಹಾಕಿ ಬಾಯಿ ನೋಡಿದರು, ಚಿಪ್ಪಿಗೆ ಕಿವಿಯಿಟ್ಟು ಕೇಳಿದರು. ಎದ್ದಾಗ ಮುಖ ಗಂಟಾಗಿತ್ತು. ಶ್ವಾಸಕೋಶದಲ್ಲಿ ಕಫ ಕಟ್ಟಿದೆ, ಇಂಜೆಕ್ಷನ್ ಬಿಟ್ಟರೆ ದಾರಿಯಿಲ್ಲ, ಇವತ್ತೇ ಕೊಡಬೇಕು ಅಂದರು. ನಾನು ಕೊಡಿ ಸಾರ್ ಅಂದೆ.

"ಎಷ್ಟು ಅಂತ ಕೊಡ್ಲಿ? ಈ ಔಷಧಿ ಒಂಚೂರು ಜಾಸ್ತಿ ಆದ್ರೆ ಅದೇ ಸಾಯಿಸುತ್ತೆ, ಕಮ್ಮಿ ಆದ್ರೆ ಕಾಯಿಲೆ ಸಾಯಿಸುತ್ತೆ. ಇದರ ತೂಕ ಗೊತ್ತಾಗಬೇಕು. ಅಂದಾಜಿನ ಮೇಲೆ ನಾನು ಸೂಜಿ ಚುಚ್ಚಲ್ಲ."

ಅವರ ಮನೆಯಲ್ಲಿದ್ದದ್ದು ಮನುಷ್ಯರು ನಿಲ್ಲುವ ತೂಕದ ಯಂತ್ರ. ನಾನು ದೊರೆಯನ್ನು ಎತ್ತಿಕೊಂಡು ನಿಂತೆ, ಕೆಳಗಿಟ್ಟು ನಿಂತೆ. ಕಳೆದರೆ ಒಂದು ಸಲ ಒಂದು ಕೆಜಿ ಬಂತು, ಇನ್ನೊಂದು ಸಲ ಎರಡು ಬಂತು. ಡಾಕ್ಟರು ತಲೆಯಾಡಿಸಿದರು. ಸಂಜೆ ಬಸ್ಸಿಗೆ ಮಗಳ ಊರಿಗೆ ಹೊರಡುತ್ತೇನೆ, ಬರುವುದು ವಾರವಾಗುತ್ತದೆ, ಬಸ್ಸಿಗೆ ಹೊರಡುವುದರೊಳಗೆ ಸರಿಯಾದ ತೂಕ ತನ್ನಿ ಅಂದರು.

"ತೂಕ ತಾನೇ ಸಾರ್, ಈಗ ಬಂದೆ" ಅಂದುಬಿಟ್ಟೆ. ತೂಕ, ಅಳತೆ ಅಂದರೆ ನನಗೆ ಅಷ್ಟು ಸಲಿಗೆ. ಗೇಟು ದಾಟಿ ಸೈಕಲ್ಲಿನ ಹ್ಯಾಂಡಲ್ಲಿಗೆ ನಾನೇ ಕಟ್ಟಿದ್ದ ಚೆಂಡುಹೂವು ಕಂಡಾಗಲೇ ಇವತ್ತು ಯಾರ ತಕ್ಕಡಿಯೂ ಏಳುವುದಿಲ್ಲ ಎಂದು ಹೊಳೆದದ್ದು.

ನಿಮಗೆ ಗೊತ್ತೇ ಇದೆ, ಆಯುಧಪೂಜೆಯ ದಿನ ಉಪಕರಣಗಳಿಗೆ ರಜಾ. ಸುತ್ತಿಗೆ, ಸ್ಪ್ಯಾನರ್, ತಕ್ಕಡಿ, ಕತ್ತರಿ ಎಲ್ಲವನ್ನೂ ತೊಳೆದು, ಕುಂಕುಮ ಇಟ್ಟು, ಹೂವು ಹಾಕಿ ದೇವರ ಮುಂದೆ ಕೂರಿಸಿದರೆ ಮುಗಿಯಿತು. ವಿಜಯದಶಮಿಯ ಬೆಳಿಗ್ಗೆ ಮತ್ತೆ ಕೈಮುಗಿದು ಎತ್ತಿಕೊಳ್ಳುವವರೆಗೆ ಯಾರೂ ಮುಟ್ಟುವಂತಿಲ್ಲ. ಗಾಡಿಗಳಿಗೆ ಮಾತ್ರ ಈ ರಜಾ ಇಲ್ಲ. ಪೂಜೆಯಾದ ಮರುಗಳಿಗೆಯೇ ನಿಂಬೆಹಣ್ಣಿನ ಮೇಲೆ ಓಡಿಸುತ್ತೇವೆ. ಈ ಲೆಕ್ಕ ಯಾರು ಬರೆದರೋ ಗೊತ್ತಿಲ್ಲ, ಬರೆದವರಿಗೆ ಸಂಜೆ ಎಲ್ಲೋ ಹೋಗುವುದಿತ್ತು ಅನ್ನಿಸುತ್ತದೆ. ಆದರೂ ಅದನ್ನು ನನ್ನಷ್ಟು ಕಟ್ಟುನಿಟ್ಟಾಗಿ ನಡೆಸಿದವರು ಕಡಿಮೆ. ಹಿಂದಿನ ವರ್ಷ ನನ್ನ ಕೆಲಸಗಾರನೊಬ್ಬ ಮರೆತು ಸ್ಪ್ಯಾನರ್ ಎತ್ತಿಕೊಂಡಿದ್ದಕ್ಕೆ ಲೇತಿನ ಮುಂದೆ ಅಡ್ಡಬೀಳಿಸಿದ್ದೆ.

ಮೊದಲು ನಮ್ಮ ಬೀದಿಯ ದಿನಸಿ ಶೆಟ್ಟರ ಹತ್ತಿರ ಹೋದೆವು. ರಸ್ತೆಯ ತುಂಬ ಒಡೆದ ಬೂದುಗುಂಬಳಕಾಯಿ. ಜಾರಿದರೆ ಆಮೆಯ ಜೊತೆ ನಾವೂ ಆಸ್ಪತ್ರೆಗೆ ಎಂದು ಸೈಕಲ್ ತಳ್ಳಿಕೊಂಡೇ ನಡೆದೆ. ಶೆಟ್ಟರ ತಕ್ಕಡಿ ಮಲ್ಲಿಗೆಯೊಳಗೆ ಮುಚ್ಚಿಹೋಗಿತ್ತು. ತೂಕದ ಬಟ್ಟುಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ, ಒಂದೊಂದರ ಹಣೆಗೂ ಕುಂಕುಮ ಹಚ್ಚಿಕೊಂಡು, ಗ್ರೂಪ್ ಫೋಟೋಗೆ ನಿಂತ ಹಾಗೆ ನಿಂತಿದ್ದವು. ಶೆಟ್ಟರು ವಿಷಯ ಕೇಳಿ ನೊಂದುಕೊಂಡರು. ಇವತ್ತು ಗಿರಾಕಿ ಬಂದರೂ ತಾವು ತೂಗುವುದಿಲ್ಲ, ಅದರಲ್ಲೂ ಜೀವ ಇರುವುದನ್ನು ಯಾವ ದಿನವೂ ತೂಗಿದವರಲ್ಲ ಅಂದರು. ದೊರೆಯನ್ನು ಎತ್ತಿಯೂ ನೋಡದೆ, "ಒಂದೂವರೆ ಇರುತ್ತೆ ಬಿಡಿ" ಎಂದು ಕಡ್ಲೆಪುರಿ ಪೊಟ್ಟಣ ಕೊಟ್ಟು ಕಳಿಸಿದರು. ಅಕ್ಕಸಾಲಿಗರ ಅಂಗಡಿ ಬಾಗಿಲು ಹಾಕಿತ್ತು.

ಆಗ ನೆನಪಾದವನು ಹಳೇ ಪೇಪರ್ ಮುನಿಯಪ್ಪ. ಪೂಜೆ ಪುನಸ್ಕಾರ ಅಂದರೆ ನಗುವ ಆಸಾಮಿ. ನಿಜಕ್ಕೂ ಅವನ ತಕ್ಕಡಿಗೆ ಒಂದು ಎಸಳು ಹೂವಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಮುನಿಯಪ್ಪ ಬುಟ್ಟಿಯನ್ನು ಇಣುಕಿದ, ಸುಶೀಲಳ ಮುಖ ನೋಡಿದ, ನನ್ನನ್ನು ಪಕ್ಕಕ್ಕೆ ಕರೆದ.

"ಇದರಲ್ಲಿ ಬೇಡಿ ಅಣ್ಣ."

"ಯಾಕೆ, ನಿನಗೂ ಶುರುವಾಯ್ತಾ ಭಕ್ತಿ?"

"ಭಕ್ತಿ ಅಲ್ಲ. ಇದು ಪೇಪರ್‌ಗೆ ಆಗುತ್ತೆ, ಪ್ರಾಣಕ್ಕೆ ಆಗಲ್ಲ" ಅಂದ. ಅಂದು, ನನ್ನ ಕಣ್ಣು ತಪ್ಪಿಸಿ ಬೀಡಿ ಹಚ್ಚಿದ. ಅಷ್ಟು ವರ್ಷ ಅವನಿಗೆ ಹಾಕಿದ ಹಳೇ ಪೇಪರೆಲ್ಲ ನನ್ನ ಕಣ್ಣ ಮುಂದೆ ಹಾದುಹೋಯಿತು. ಆದರೆ ಜಗಳವಾಡುವ ಹೊತ್ತಾಗಿರಲಿಲ್ಲ ಅದು.

ಉಳಿದದ್ದು ನನ್ನ ಶೆಡ್ಡು. ಬೀಗ ತೆಗೆದೆ. ಬೆಳಿಗ್ಗೆ ಹಚ್ಚಿದ ಊದುಬತ್ತಿಯ ವಾಸನೆ ಇನ್ನೂ ಇತ್ತು. ಲೇತಿಗೆ ಬಾಳೆಕಂಬ ಕಟ್ಟಿತ್ತು. ಅದರ ಮುಂದೆ ಮಣೆಯ ಮೇಲೆ ನನ್ನ ತಕ್ಕಡಿ, ಬಟ್ಟುಗಳು, ಹೂವು. ಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ ಕೈಗೆಟುಕುವ ಹಾಗೆ ಕೂತಿತ್ತು. ಸುಶೀಲ ಹೊಸಿಲಾಚೆ ಬುಟ್ಟಿ ಹಿಡಿದು ನಿಂತಿದ್ದಳು. ಅವಳು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಏನು ಮಾಡುತ್ತಿದ್ದೆನೋ. ನನಗೆ ಓದು ಅನ್ನ ಕೊಟ್ಟಿರಲಿಲ್ಲ, ಈ ಕಬ್ಬಿಣ ಕೊಟ್ಟಿತ್ತು. ಅದಕ್ಕೆ ವರ್ಷಕ್ಕೊಂದು ದಿನ ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟವನು ನಾನು. ಕೈ ಮುಂದೆ ಹೋಯಿತು, ಹೂವಿನ ತನಕ ಹೋಗಿ ನಿಂತಿತು. ಬುಟ್ಟಿಯೊಳಗಿಂದ ದೊರೆ ಉಸಿರೆಳೆಯುವ ಸಣ್ಣ ಸಿಳ್ಳೆ ಕೇಳಿಸುತ್ತಿತ್ತು.

"ಇನ್ನೊಂದು ಕಡೆ ನೋಡೋಣ ಬಾ" ಅಂದೆ.

"ಇನ್ನೆಲ್ಲಿ?" ಅವಳು ನನ್ನನ್ನು ನೋಡಲಿಲ್ಲ. "ನಿಮ್ಮ ದೇವರನ್ನ ನೀವು ಕಾಯ್ಕೊಳ್ಳಿ. ಮನೆಗೆ ನಡೀರಿ, ತಕ್ಕಡಿ ನಾನು ಮಾಡ್ಕೋತೀನಿ."

 ಮನೆಗೆ ಬಂದವಳೇ ಬಟ್ಟೆಯನ್ನು ಎತ್ತರದ ಹಗ್ಗಕ್ಕೆ ಹಾಕುವ ಬಿದಿರು ಕೋಲು ತಂದಳು. ನಡುವೆ ಒಂದು, ತುದಿಗಳಿಗೆ ಎರಡು ಕಚ್ಚು ಹಾಕಬೇಕಿತ್ತು. ಕಚ್ಚು ಉಜ್ಜುವ ನನ್ನ ಅರ ಶೆಡ್ಡಿನಲ್ಲಿ ಪೂಜೆಗೆ ಕೂತಿತ್ತು. ಅವಳು ಈಳಿಗೆಮಣೆಯ ಮೇಲೆ ಕೂತು ಕಚ್ಚು ಹಾಕಿದಳು. ತೊಟ್ಟಿಲು ತೂಗುಹಾಕುವ ಕೊಕ್ಕೆಗೆ ಹುರಿಯಿಂದ ಕೋಲು ಕಟ್ಟಿದೆವು. ಒಂದು ತುದಿಗೆ ದೊರೆಯ ಬುಟ್ಟಿ, ಇನ್ನೊಂದಕ್ಕೆ ಪಾತ್ರೆ. ಖಾಲಿ ಇದ್ದಾಗ ಸಮವಾಗಲೆಂದು ಹಗುರವಾದ ಕಡೆಗೆ ರಾಗಿ ಹಾಕಿದೆವು.

"ತಕ್ಕಡಿ ಆಯ್ತು. ಬಟ್ಟು ಎಲ್ಲಿ?" ಅಂದೆ. ಸೋಲಿಸಬೇಕೆಂದು ಕೇಳಿದ್ದಲ್ಲ, ಕೇಳಿದ್ದು ಹಾಗೇ ಕೇಳಿಸಿತು.

ಅವಳು ಮಗುವಿನ ಹಾಲಿನ ಬಾಟಲಿ ತಂದಳು. ಗಾಜಿನದು, ಮೈಮೇಲೆ ಅಳತೆಯ ಗೆರೆ ಇದ್ದದ್ದು. "ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತೆ. ಒಂದು ಎಂಎಲ್ ಅಂದ್ರೆ ಒಂದು ಗ್ರಾಂ."

"ಯಾರು ಹೇಳಿದ್ದು?"

"ಸ್ಕೂಲಲ್ಲಿ."

"ಸ್ಕೂಲಲ್ಲಿ ಹೇಳಿದ್ದೆಲ್ಲ ನಂಬ್ತೀಯಾ?"

"ನೀವು ಅಳತೆ ಟೇಪಿನ ಮೇಲೆ ಕಂಪನಿಯೋರು ಗೆರೆ ಹಾಕಿದ್ದು ನಂಬಲ್ವಾ?"

ನಾನು ಟೇಪನ್ನೂ ನಂಬದವನು. ಶೆಲ್ಫಿನಲ್ಲಿ ಒಡೆಯದ ಕಾಲು ಕೆಜಿ ಟೀ ಪೊಟ್ಟಣವಿತ್ತು, ಅದನ್ನು ಬುಟ್ಟಿಗೆ ಹಾಕಿ, ಪಾತ್ರೆಗೆ ಬಾಟಲಿಯಿಂದ ಅಷ್ಟೇ ನೀರು ಸುರಿದೆ. ಕೋಲು ತೂಗಾಡಿ ನಿಂತಿತು. ಪೊಟ್ಟಣದ ಕಡೆ ಒಂದಿಷ್ಟೇ ವಾಲಿತ್ತು. "ಅದು ಮೇಲಿನ ಕಾಗದದ್ದು" ಅಂದಳು. ಇರಬಹುದು ಅಂದೆ. ನಮ್ಮ ಮದುವೆಯಾದ ಮೇಲೆ ನಾನು ಇರಬಹುದು ಅಂದದ್ದು ಅವತ್ತೇ ಮೊದಲು ಎಂದು ಅವಳು ಈಗಲೂ ಮೊಮ್ಮಗಳ ಮುಂದೆ ಹೇಳುತ್ತಾಳೆ.

ದೊರೆಯನ್ನು ಬುಟ್ಟಿಯಲ್ಲಿಟ್ಟೆವು. ಆರೋಗ್ಯವಾಗಿದ್ದಾಗ ಎತ್ತಿದರೆ ನಾಲ್ಕೂ ಕಾಲು ಬಡಿಯುತ್ತಿದ್ದವನು ಕಲ್ಲಿನ ಹಾಗೆ ಕೂತ. ತೂಗುವುದಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು, ಆದರೆ ಆ ಅನುಕೂಲವನ್ನು ನೋಡಲಾಗದೆ ಸುಶೀಲ ಕೋಲಿನ ತುದಿಯನ್ನೇ ನೋಡುತ್ತಿದ್ದಳು. ನಾನು ಬಾಟಲಿಯಿಂದ ಸುರಿದೆ, ಅವಳು ಎಣಿಸಿದಳು. ಕೊನೆಕೊನೆಗೆ ಚಮಚದಲ್ಲಿ, ಆಮೇಲೆ ಹನಿಹನಿಯಾಗಿ. ಕೋಲು ಸಮಕ್ಕೆ ನಿಂತಿತು. ಕೋಲಿನ ಎರಡು ತೋಳು ಒಂದೇ ಉದ್ದ ಇರಲಾರದು ಎಂದು ನನ್ನ ಮನಸ್ಸು ಒಪ್ಪದೆ, ಬುಟ್ಟಿ ಪಾತ್ರೆ ಅದಲುಬದಲು ಮಾಡಿ ಇನ್ನೊಮ್ಮೆ ತೂಗಿದೆ. ತುಸು ಕಡಿಮೆ ಬಂತು. ಎರಡರ ನಡುವಿನದನ್ನು ಹಿಡಿದೆವು. ಒಂದು ಕೆಜಿಯ ಮೇಲೆ ಇನ್ನೂರು ಚಿಲ್ಲರೆ. ಶೆಟ್ಟರ ಒಂದೂವರೆಯನ್ನು ನಂಬಿದ್ದರೆ ಔಷಧಿ ಹೆಚ್ಚಾಗುತ್ತಿತ್ತು.

ಡಾಕ್ಟರ ಮನೆಯ ಮುಂದೆ ಆಟೋ ನಿಂತಿತ್ತು. ಟ್ರಂಕು ಏರಿಸುತ್ತಿದ್ದರು. ನಾನು ತೂಕ ಹೇಳಿದೆ. ಯಾವ ತಕ್ಕಡಿ ಅಂದರು. ಬಟ್ಟೆ ಕೋಲು, ಹಾಲಿನ ಬಾಟಲಿ ಎಂದು ಸುಶೀಲ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಸರಿ, ಇದನ್ನು ನಂಬುತ್ತೇನೆ ಅಂದರು. ಒಳಗೆ ಹೋದವರು ಬರಿಗೈಯಲ್ಲಿ ಬಾಗಿಲಿಗೆ ಬಂದು ನಿಂತರು.

ಅವರ ಚೀಲ ದೇವರ ಮುಂದಿತ್ತು. ಸಿರಿಂಜು, ಸೂಜಿ, ಕತ್ತರಿ, ಎಲ್ಲದಕ್ಕೂ ಕುಂಕುಮ. ಬೆಳಿಗ್ಗೆ ಅವರ ಹೆಂಡತಿಯೇ ಪೂಜೆ ಮಾಡಿದ್ದರು, ತೂಕದ ಯೋಚನೆಯಲ್ಲಿ ಡಾಕ್ಟರಿಗೆ ಅದು ಮರೆತೇಹೋಗಿತ್ತು. ಆ ತಾಯಿ ಬಾಗಿಲಿಗಡ್ಡವಾಗಿ ನಿಂತು, "ನಾಳೆ ಬೆಳಗಿನವರೆಗೂ ಮುಟ್ಟೋ ಹಾಗಿಲ್ಲಮ್ಮ. ನಲವತ್ತು ವರ್ಷದಿಂದ ಇವರು ಮುಟ್ಟಿಲ್ಲ" ಅಂದರು. ಗಡುಸಾಗಿ ಅಲ್ಲ, ಸಂಕಟದಿಂದ. ಡಾಕ್ಟರು ನೆಲ ನೋಡುತ್ತಿದ್ದರು. ಅವರ ಸ್ಥಿತಿ ನನಗೆ ಚೆನ್ನಾಗಿ ಗೊತ್ತಿತ್ತು. ಆಟೋದವನು ಎರಡು ಸಲ ಹಾರ್ನ್ ಒತ್ತಿದ.

ಸುಶೀಲ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟಳು.

"ಅಮ್ಮಾ, ಬೆಳಿಗ್ಗೆ ನೀವು ಈಳಿಗೆಮಣೆಗೂ ಕುಂಕುಮ ಇಟ್ರಾ?"

"ಇಟ್ಟೆ. ಒರಳಿಗೂ ಇಟ್ಟೆ."

"ಆಮೇಲೆ ಅಡುಗೆ ಯಾವುದರಲ್ಲಿ ಮಾಡಿದ್ರಿ?"

ಆ ತಾಯಿ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದ ಬೆರಳುಗಳನ್ನು ಒಂದು ಸಲ ನೋಡಿಕೊಂಡರು. ಆಮೇಲೆ ಒಳಗೆ ಹೋದರು. ನಾವು ಮೂವರೂ ಹೊರಗೆ ನಿಂತಿದ್ದೆವು. ಹಿಂತಿರುಗಿ ಬಂದಾಗ ಚೀಲ ಅವರ ಕೈಯಲ್ಲಿತ್ತು. ಹೂವನ್ನು ಸೆರಗಿಗೆ ಹಾಕಿಕೊಂಡು, ಸಿರಿಂಜನ್ನು ತಾವೇ ಒರೆಸಿ, "ಕುದಿಸೋಕೆ ನೀರಿಟ್ಟಿದೀನಿ, ಬನ್ನಿ" ಎಂದು ಗಂಡನಿಗೆ ಹೇಳಿದರು. ಬಸ್ಸು ತಪ್ಪಿದರೆ ಮುಂದಿನದಕ್ಕೆ ಹೋಗೋಣ ಎಂದು ಆಟೋದವನಿಗೂ ಹೇಳಿದರು. ಡಾಕ್ಟರು ದೊರೆಯ ಮುಂಗಾಲನ್ನು ಎಳೆದು ಹಿಡಿದು ಸೂಜಿ ಕೊಟ್ಟರು. ಅವನು ಕಾಲನ್ನು ಒಳಗೆಳೆದುಕೊಳ್ಳಲೂ ಇಲ್ಲ.

ಮರುದಿನ ವಿಜಯದಶಮಿ. ಬೆಳಿಗ್ಗೆ ಶೆಡ್ಡಿಗೆ ಹೋಗಿ ಕೈಮುಗಿದು ಲೇತು ಚಾಲೂ ಮಾಡಿ ಬಂದೆ. ದೊರೆ ಚೇತರಿಸುತ್ತಾನೋ ಇಲ್ಲವೋ ದಿನಾ ತೂಗಿ ನೋಡಲು ಈಗ ಶೆಡ್ಡಿನ ತಕ್ಕಡಿ ತರಲೇ ಎಂದು ಕೇಳಿದೆ. ಬೇಡ ಅಂದಳು. ದಿನಾ ಒಂದೇ ತಕ್ಕಡಿಯಲ್ಲಿ ತೂಗಬೇಕು, ನಡುವೆ ಬದಲಾಯಿಸಿದರೆ ಇಳಿದದ್ದು ಆಮೆಯೋ ತಕ್ಕಡಿಯೋ ಹೇಗೆ ಗೊತ್ತಾಗುತ್ತದೆ ಎಂದಳು. ಹಾಗಾಗಿ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕೋಲು, ಬುಟ್ಟಿ, ಬಾಟಲಿ. ದಿನಾ ನೀರು ಸ್ವಲ್ಪ ಕಡಿಮೆಯೇ ಬೇಕಾಗುತ್ತಿತ್ತು. ಅವಳು ಎಣಿಸುವ ದನಿ ದಿನದಿನಕ್ಕೆ ಸಣ್ಣದಾಯಿತು. ಲೇತಿನ ಮುಂದೆ ನಿಂತರೂ ನನಗೆ ಆ ಬಾಟಲಿಯ ಗೆರೆಗಳೇ ಕಾಣುತ್ತಿದ್ದವು. ಡಾಕ್ಟರು ಊರಿಂದ ಬರುವುದಕ್ಕೆ ಇನ್ನೂ ಸಮಯವಿತ್ತು. ಅಷ್ಟರವರೆಗೆ 'ಕಾಯಿರಿ' ಎಂದಷ್ಟೇ ಅವರು ಹೇಳಿದ್ದು.

ಒಂದು ಬೆಳಿಗ್ಗೆ ಹಾಗೇ ಸುರಿಯುತ್ತಿದ್ದೆ. ಕೋಲು ಇನ್ನೇನು ಸಮಕ್ಕೆ ಬಂತು ಅನ್ನುವಾಗ ಸರಕ್ಕನೆ ಒಂದು ಕಡೆ ಜಗ್ಗಿತು. ಹುರಿ ಸಡಿಲವಾಯಿತೇನೋ ಎಂದು ಮೇಲೆ ನೋಡಿದೆ. ಹುರಿ ಸರಿಯಾಗಿತ್ತು. ಬುಟ್ಟಿಯ ಅಂಚಿನ ಮೇಲೆ ಒಂದು ಮುಂಗಾಲು ಬಂದಿತ್ತು. ಆಮೇಲೆ ಇನ್ನೊಂದು. ಕತ್ತು ಉದ್ದ ಮಾಡಿ ದೊರೆ ಹೊರಗಿನ ಪ್ರಪಂಚವನ್ನು ಗುರಾಯಿಸಿ, ಇಷ್ಟು ದಿನ ನನ್ನನ್ನು ಇಲ್ಲಿ ನೇತುಹಾಕಿದವರು ಯಾರು ಎನ್ನುವವನ ಹಾಗೆ ಹಿಂಗಾಲು ಕೊಟ್ಟು ತಳ್ಳಿದ. ಬುಟ್ಟಿ ಮಗುಚಿತು. ಸುಶೀಲ ಎರಡೂ ಕೈ ಚಾಚಿ ಅವನನ್ನು ಹಿಡಿದಳು. ಆ ಕಡೆಯ ಪಾತ್ರೆಯನ್ನು ಹಿಡಿಯಲು ಯಾರೂ ಇರಲಿಲ್ಲ. ಅದು ಬಿತ್ತು, ನೀರೆಲ್ಲ ನನ್ನ ಮೈಮೇಲೆ, ಕೆಲಸಕ್ಕೆ ಹಾಕಿಕೊಂಡ ಬಟ್ಟೆಯ ಮೇಲೆ.

ಅವಳು ಕೆಳಗೆ ಬಿಟ್ಟಳು. ಅವನು ಒದ್ದೆ ನೆಲದ ಮೇಲೆ ಉಗುರು ಗೀರುತ್ತ, ನಮ್ಮಿಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅಡುಗೆಮನೆಯ ಕಡೆಗೆ ಹೋದ. ಸುಶೀಲ ಅವನ ಹಿಂದೆಯೇ ಹೋಗುತ್ತ, ಅಭ್ಯಾಸದಂತೆ ಕೇಳಿದಳು:

"ಇವತ್ತು ಎಷ್ಟು ಬಂತು?"

ಅಳತೆ ಹಿಡಿದೇ ಜೀವನ ಮಾಡಿದವನು ನಾನು. ತಲೆಯಿಂದ ನೀರು ಸೋರಿಸಿಕೊಂಡು ನಿಂತು, ಅಷ್ಟು ಸಂತೋಷದಿಂದ "ಗೊತ್ತಿಲ್ಲ" ಎಂದದ್ದು ಅದೊಂದೇ ಸಲ.